ಮೌನಬೇಲಿಯ ಈಚೆ

ದೊಡ್ಡತಾಯಮ್ಮ ನಡುಬೀದಿಯಲ್ಲಿ ನಿಂತುಬಿಟ್ಟಳು.

ಮೂರು ವರ್ಷದ ಕೂಸಾಗಿದ್ದಾಗ ದಡಾರ ಬಂದು ಎರಡೂ ಕಣ್ಣು ಕಳೆದುಕೊಂಡವಳು ಅವಳು. ಅಲ್ಲಿಂದೀಚೆಗೆ ಐವತ್ತೆಂಟು ವರ್ಷ ಯಾರ ಕೈಯನ್ನೂ ಹಿಡಿಯದೆ, ಕೋಲನ್ನೂ ಊರದೆ ಹೊಸಕೇರಿಯ ಮೂಲೆಮೂಲೆ ನಡೆದವಳು. ಮನೆಯ ಹೊಸ್ತಿಲಿಂದ ಹಿಟ್ಟಿನ ಮಿಲ್ಲಿಗೆ ಇನ್ನೂರ ಹತ್ತು ಹೆಜ್ಜೆ, ಒಂದೇ ನೇರ ಬೀದಿ. ಬೆಳಗ್ಗೆ ಎಂಟಕ್ಕೆ ಮಿಲ್ಲಿನ ಬೆಲ್ಟು ತಿರುಗಿ ‘ಗುಂಯ್’ ಎಂದಿತೆಂದರೆ ಆ ಸದ್ದನ್ನು ಬಾವಿಹಗ್ಗ ಹಿಡಿದಂತೆ ಹಿಡಿದುಕೊಂಡು ಹೊರಟುಬಿಡುವಳು. ಅಲ್ಲಿ ಸಂಜೆವರೆಗೆ ಕೂತು ಕೇರಿಯವರ ರಾಗಿಹಿಟ್ಟಿಗೆ ಜರಡಿ ಹಿಡಿಯುವಳು. ಯಾರ ಮನೆ ಮುಂದೆ ಬೈಕು ಅಡ್ಡ ನಿಂತಿದೆ, ಯಾರು ಮಂಚ ಹೊರಗೆ ಹಾಕಿದ್ದಾರೆ ಎಲ್ಲವೂ ಆ ಸದ್ದು ತಟ್ಟಿ ಬರುವ ರೀತಿಯಲ್ಲೇ ಅವಳಿಗೆ ತಿಳಿಯುತ್ತಿತ್ತು.

ಅಂಥವಳು ಆ ಸೋಮವಾರ ಅರ್ಧ ದಾರಿಯಲ್ಲಿ ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದಳು. ಕೆಲಸಕ್ಕೆ ಹೊರಟಿದ್ದ ಮಗಳು ಸಂಘಮಿತ್ರಾ ಊಟದ ಡಬ್ಬಿ ಹಿಡಿದುಕೊಂಡೇ ಓಡಿ ಬಂದಳು.

“ಮಿತ್ರಾ, ಮಿಲ್ಲು ನಿಂತೋಯ್ತಾ ಕೂಸೆ?”

“ಇಲ್ಲ ಕಣವ್ವ, ಓಡ್ತಾ ಅದೆ.”

“ಓಡ್ತಾ ಅದಾ?” ದೊಡ್ಡತಾಯಮ್ಮ ಒಂದು ಹೆಜ್ಜೆ ಇಟ್ಟಳು. “ಹೂಂ, ಬಂತು.” ಇನ್ನೊಂದು ಹೆಜ್ಜೆ ಇಟ್ಟಳು. “ಹೋಯ್ತು. ಈಗ ಬಂತು ನೋಡು, ಹಿಂದ್ಲಿಂದ ಬತ್ತಾ ಅದೆ. ಮಿಲ್ಲೇನು ಎರಡಾದ್ವಾ?”

ಪಕ್ಕದ ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದ ಪುಟ್ಟಗೌರಿ ನಕ್ಕಳು. “ವಯಸ್ಸಾಯ್ತು ಬುಡು ದೊಡ್ಡತಾಯಕ್ಕ. ನಂಗೆ ಕಣ್ಯಾಕೆ, ಕಿವಿ ಅದೆ ಅಂತ ಮೆರೀತಿದ್ದೆ. ಅದೂ ಕೈ ಕೊಡ್ತು.”

ದೊಡ್ಡತಾಯಮ್ಮ ಯಾವತ್ತೂ ಮಾತಿಗೆ ಮಾತು ಸಾಲ ಇಟ್ಟುಕೊಂಡವಳಲ್ಲ. ಅವತ್ತು ಸಾಲ ಹಾಗೇ ಉಳಿಯಿತು. ಮೆಲ್ಲಗೆ ಮಗಳ ಮೊಣಕೈ ಹಿಡಿದಳು. ಅವ್ವ ತನ್ನ ಕೈ ಹಿಡಿದದ್ದು ಅದೇ ಮೊದಲು.

*

ಬೀದಿಯ ಆ ತುದಿಗೆ ಮಿಲ್ಲು, ಈ ತುದಿಗೆ ದೊಡ್ಡತಾಯಮ್ಮನ ಮನೆ. ಮನೆಯ ಬೆನ್ನಿಗೇ ಶಾಂತವನ ಲೇಔಟಿನ ಕಾಂಪೌಂಡು. ಮೈಸೂರು ಬೆಳೆದು ಬೆಳೆದು ಹೊಸಕೇರಿಯ ಹಿತ್ತಲಿಗೇ ಬಂದು ಮುಟ್ಟಿದಾಗ ಎದ್ದ ಲೇಔಟು ಅದು. ಅಲ್ಲಿನವರಿಗೆ ಹೊಸಕೇರಿಯಿಂದ ಕಸ ಎತ್ತುವವರು ಬೇಕಿತ್ತು, ಪಾತ್ರೆ ತಿಕ್ಕುವವರು ಬೇಕಿತ್ತು. ಹೊಸಕೇರಿಯ ಸದ್ದು ಮಾತ್ರ ಬೇಡವಾಗಿತ್ತು. ಒಂದು ಕಾಲದಲ್ಲಿ ನಮ್ಮವರ ನೆರಳು ಬಿದ್ದರೆ ಮೈಲಿಗೆಯಾಗುತ್ತಿತ್ತು. ನೆರಳೆಂದರೆ ಬೆಳಕಿನ ಮಾತು. ವಿಜ್ಞಾನ ಮುಂದುವರಿದಂತೆ ಮೈಲಿಗೆಯೂ ಬೆಳಕಿನಿಂದ ಸದ್ದಿಗೆ ಬಡ್ತಿ ಪಡೆಯಿತು.

ಅದಕ್ಕೆಂದೇ ಮೌನಬೇಲಿ ಬಂತು. ಕಾಂಪೌಂಡಿನ ಉದ್ದಕ್ಕೂ ನೂರ ನಲವತ್ತು ಕಂಬ. ಒಂದೊಂದು ಕಂಬಕ್ಕೂ ಒಂದು ಕಿವಿ, ಒಂದು ಬಾಯಿ. ಕಿವಿ ಕೇರಿಯಿಂದ ಬರುವ ಸದ್ದಿನ ಅಲೆಯನ್ನು ಓದುತ್ತದೆ. ಬಾಯಿ ಅದರ ತದ್ವಿರುದ್ಧ ಅಲೆಯನ್ನು ಉಗುಳುತ್ತದೆ. ಬರುವ ಅಲೆಯಲ್ಲಿ ಉಬ್ಬಿದ್ದರೆ ಬೇಲಿಯದರಲ್ಲಿ ತಗ್ಗು, ಅದರಲ್ಲಿ ತಗ್ಗಿದ್ದರೆ ಇದರಲ್ಲಿ ಉಬ್ಬು. ಎರಡೂ ಸೇರಿದರೆ ಸೊನ್ನೆ. ಕಾಂಪೌಂಡಿನ ಒಳಗೆ ನಿಂತವರಿಗೆ ಹೊಸಕೇರಿ ಎಂಬುದೊಂದು ಮೂಕಿಚಿತ್ರ.

ಬೇಲಿಯ ಕಂಟ್ರೋಲ್ ರೂಮು ಲೇಔಟಿನ ಕ್ಲಬ್ಬಿನ ಹಿಂದೆ ಇತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದ ಮಿತ್ರಳಿಗೆ ಅಲ್ಲಿ ಆಪರೇಟರ್ ಕೆಲಸ. ಬೇಲಿಯನ್ನು ಕಟ್ಟಿದ ಎಂಜಿನಿಯರ್ ಅನಿರುದ್ಧ ಅವರೇ ಕರೆದು ಕೊಟ್ಟ ಕೆಲಸ. ಕೆಟ್ಟ ಮನುಷ್ಯರಲ್ಲ ಅವರು. ಹೆಂಡತಿಗೆ ಅರೆತಲೆನೋವು, ಪರದೆ ಎಳೆದ ಕೋಣೆಯಲ್ಲಿ ದಿನಗಟ್ಟಲೆ ಕಣ್ಣು ಮುಚ್ಚಿ ಮಲಗುವ ಹೆಂಗಸು, ಚಮಚ ಬಿದ್ದರೂ ವಾಂತಿ ಮಾಡಿಕೊಳ್ಳುವಳು. ಅವಳಿಗಾಗಿಯೇ ಈ ಯಂತ್ರ ಹುಟ್ಟಿದ್ದು. ಆಮೇಲೆ ಅದು ಲೇಔಟಿಗೆಲ್ಲ ಬೇಕಾಯಿತು.

ಯಂತ್ರಕ್ಕೆ ಒಂದು ದೌರ್ಬಲ್ಯವಿತ್ತು. ಸದ್ದು ಬಂದ ಮೇಲೆ ಎದುರು ಅಲೆ ಹೊಂಚುವಷ್ಟು ಪುರುಸೊತ್ತು ಇರುವುದಿಲ್ಲ. ಮುಂದೆ ಏನು ಬರುತ್ತದೆಂದು ಮೊದಲೇ ಗೊತ್ತಿರಬೇಕು. ಅದಕ್ಕಾಗಿ ಒಂದೊಂದು ಸದ್ದಿನ ಪರಿಚಯ ಮಾಡಿಕೊಂಡು, ಅದರ ಆವೃತ್ತಿ ಎಷ್ಟು, ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಹಾಗೆ ಬರೆಯುವ ಪಟ್ಟಿಯಲ್ಲಿ ಎರಡು ಸಾಲು. ಒಂದರ ತಲೆಬರಹ ‘ಗದ್ದಲ’, ಇನ್ನೊಂದರದು ‘ದನಿ’. ಗದ್ದಲವನ್ನು ಬೇಲಿ ಅಳಿಸುತ್ತದೆ, ದನಿಯನ್ನು ಹಾಗೇ ಬಿಡುತ್ತದೆ. ಲೇಔಟಿನ ಗಣಪತಿ ಗುಡಿಯ ಗಂಟೆ ದನಿ. ಆಂಬುಲೆನ್ಸ್ ದನಿ. ಕಣ್ಣಿಲ್ಲದವರಿಗೆಂದು ಲೇಔಟಿನ ರಸ್ತೆ ದಾಟುವಲ್ಲಿ ಕಾನೂನಿನ ಪ್ರಕಾರ ಹಾಕಿದ್ದ ‘ಟಿಕ್ ಟಿಕ್’ ಪೆಟ್ಟಿಗೆಯೂ ದನಿ.

ಹೊಸಕೇರಿಯ ಕಡೆಯ ಪಟ್ಟಿ ತುಂಬಿದವಳು ಮಿತ್ರಳೇ. ಕೆಲಸಕ್ಕೆ ಸೇರಿದ ಮೊದಲ ದಿನ. ಮೈಕು ಹಿಡಿದು ತನ್ನದೇ ಬೀದಿಯಲ್ಲಿ ಅಡ್ಡಾಡಿ, ಒಂದೊಂದೇ ಸದ್ದನ್ನು ಅಳೆದು, ಬಾಯಿಪಾಠ ಒಪ್ಪಿಸುವ ಹುಡುಗಿಯ ಹಾಗೆ ಬರೆದಿದ್ದಳು. ಹದಿನೇಳು: ಹಿಟ್ಟಿನ ಮಿಲ್ಲು, ನೂರ ಎಪ್ಪತ್ತು ಹರ್ಟ್ಸ್, ಗದ್ದಲ. ಇಪ್ಪತ್ತೆರಡು: ಶಾಲೆಯ ಗಂಟೆ, ಗದ್ದಲ. ಮೂವತ್ತೊಂದು: ಸಿದ್ದರಾಜು ಮಾವನ ತಮಟೆ, ಕಾಯಿಸಿದ್ದು, ಗದ್ದಲ. ಅನಿರುದ್ಧ ಬೆನ್ನ ಹಿಂದೆ ನಿಂತು “ವೆರಿ ನೀಟ್ ವರ್ಕ್” ಅಂದಿದ್ದರು. ಅವತ್ತು ಅವಳಿಗೆ ಆಕಾಶ ಮೂರೇ ಗೇಣಾಗಿತ್ತು.

*

ಬುಧವಾರ ದೊಡ್ಡತಾಯಮ್ಮ ಮೋರಿಗೆ ಬಿದ್ದಳು.

ಮಿಲ್ಲಿಗೆಂದು ಹೊರಟವಳಿಗೆ ಸದ್ದು ಬೆನ್ನ ಕಡೆಯಿಂದ ಕೇಳಿತು. ತಾನೇ ತಿರುಗಿಬಿಟ್ಟಿದ್ದೇನೆ ಅಂದುಕೊಂಡು ತಿರುಗಿದಳು. ಆಮೇಲೆ ಯಾವ ಕಡೆ ಯಾವುದು ಎಂದೇ ತಿಳಿಯಲಿಲ್ಲ. ಮೊಣಕಾಲ ಚಿಪ್ಪು ತರಚಿ ರಕ್ತ ಬಂದಿತ್ತು. ಎತ್ತಿ ತಂದ ಪುಟ್ಟಗೌರಿ ಈ ಸಲ ನಗಲಿಲ್ಲ.

ಸಂಜೆ ಮಿತ್ರಾ ಗಾಯ ತೊಳೆಯುವಾಗ ಅವ್ವ ಕಿವಿಗೆ ಹರಳೆಣ್ಣೆಯ ಹತ್ತಿ ಇಟ್ಟುಕೊಂಡು ಗೋಡೆಗೆ ಒರಗಿದ್ದಳು.

“ನೋಯ್ತಾ ಅದಾ?”

“ಕಾಲು ನೋಯಲ್ಲ ಕಣೆ.” ಕಿವಿಯ ಹತ್ತಿಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡಳು. “ನಾಳಿಂದ ಮಿಲ್ಲಿಗೆ ಹೋಗಲ್ಲ. ಕಣ್ಣು ಹೋದಾಗ ನಂಗೆ ಬುದ್ಧಿ ಬಂದಿರ್ನಿಲ್ಲ, ಗೊತ್ತಾಗ್ಲೇ ಇಲ್ಲ. ಇದು ಗೊತ್ತಾಯ್ತಾ ಅದೆ.”

ಈ ಅವ್ವನೇ ಅಲ್ಲವೇ ಆ ಕಾಲಕ್ಕೆ ತನ್ನ ಪಾಠವನ್ನೆಲ್ಲ ಕೇಳುತ್ತಿದ್ದವಳು? ಹತ್ತನೇ ಕ್ಲಾಸಿನಲ್ಲಿ ಫಿಲೋಮಿನಾ ಟೀಚರು ವಿದ್ಯುತ್ಕಾಂತೀಯ ರೋಹಿತ ಅಂತ ಒಂದು ಉದ್ದನೆ ಪಟ್ಟೆ ಬರೆಸಿದ್ದರು. ಒಂದು ತುದಿಗೆ ರೇಡಿಯೋ ಅಲೆ, ಇನ್ನೊಂದು ತುದಿಗೆ ಗಾಮಾ ಕಿರಣ, ನಡುವೆ ಬೆರಳಗಲದ ಏಳು ಬಣ್ಣ. ಅದನ್ನು ಜೋರಾಗಿ ಓದಿಕೊಳ್ಳುವಾಗ ಹಿಟ್ಟು ಮಿದಿಯುತ್ತಿದ್ದ ಅವ್ವ ಕೇಳಿದ್ದಳು.

“ಅಷ್ಟುದ್ದ ಪಟ್ಟೇಲಿ ಕಣ್ಣಿರೋರ್ಗೆ ಕಾಣೋದು ಬೆರಳಗಲನೇಯಾ?”

“ಅಷ್ಟೇಯ.”

“ಹಂಗಾರೆ ನೀವೂ ಮುಕ್ಕಾಲುಮೂರುವೀಸ ಕುಲ್ಡ್ರೇ ಅನ್ನು!” ಮನೆಯೆಲ್ಲ ಅದುರುವ ಹಾಗೆ ನಕ್ಕಿದ್ದಳು. “ಇನ್ನು ಮ್ಯಾಕೆ ಯಾವಳಾದ್ರೂ ನನ್ನ ಕುಲ್ಡಿ ಅನ್ನಲಿ, ನೀನೆಷ್ಟು ಕಂಡಿದ್ದೀಯೆ ಹೇಳವ್ವ ಅಂತ ಕೇಳ್ತೀನಿ.”

ಆ ನಗು ಈಗ ಎಲ್ಲಿ ಹೋಯಿತು?

ಆ ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬಂತು. ಅದೂ ಫಿಲೋಮಿನಾ ಟೀಚರದೇ. ಬಾವಿಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ ಒದರಿ ಅಲೆ ತೋರಿಸಿದ್ದ ದಿನ. ಉಬ್ಬಿನ ಮೇಲೆ ತಗ್ಗು ಕೂತರೆ ಸೊನ್ನೆ ಅಂದ ಮೇಲೆ ಟೀಚರು ಕೇಳಿದ್ದರು, “ಸರಿ, ಎರಡು ಅಲೆ ಸೇರಿ ಸೊನ್ನೆ ಆಯ್ತು. ಎರಡೂ ಹೊತ್ತು ತಂದಿದ್ದ ಶಕ್ತಿ ಎಲ್ಲಿ ಹೋಯ್ತು? ನಾಳೆ ಯೋಚ್ನೆ ಮಾಡ್ಕೊಂಡು ಬನ್ರೋ.” ಮರುದಿನ ಪರೀಕ್ಷೆಯ ಪಟ್ಟಿ ಬಂತು, ಅದು ಸಿಲಬಸ್ಸಿನಲ್ಲಿಲ್ಲ ಎಂದು ಗೊತ್ತಾಯಿತು. ಯಾರೂ ಯೋಚಿಸಲಿಲ್ಲ.

*

ಅವ್ವ ಬಿದ್ದು ಎರಡು ವಾರ ಕಳೆದ ಮೇಲಿನ ಭಾನುವಾರ ಮಧ್ಯಾಹ್ನ ಮಿತ್ರಾ ಮಿಲ್ಲಿಗೆ ರಾಗಿ ಹೊತ್ತುಕೊಂಡು ಹೊರಟಳು. ದಾರಿಯಲ್ಲೇ ಸಿದ್ದರಾಜು ಮಾವನ ಮನೆ. ಮಾವ ಅವ್ವನ ತಮ್ಮ, ಮಿತ್ರಳ ತೀರಿಹೋದ ಅಪ್ಪನಿಂದ ತಮಟೆ ಕಲಿತವನು. ಜಗಲಿಯ ಮುಂದೆ ಎರಡು ಕಲ್ಲಿನ ಮೇಲೆ ತಮಟೆಯನ್ನು ಅಂಗಾತ ಇಟ್ಟು ಬಿಸಿಲಿಗೆ ಕಾಯಿಸುತ್ತಿದ್ದ.

“ಅಕ್ಕ ಉಂಡ್ಲಾ?”

“ಎರಡು ತುತ್ತು. ಮಾತೇ ಆಡ್ತಿಲ್ಲ ಮಾವ.”

“ಅವಳು ಕೇಳ್ದೆ ತಮಟೆ ಹದ ಮಾಡೋದು ಹೆಂಗೆ ಅಂತ ನಂಗೇ ಗೊತ್ತಾಯ್ತಿಲ್ಲ. ಭಾವ ಇದ್ದಾಗ್ಲಿಂದ ಅವಳೇಯ, ಬೆಂಕಿ ಪಕ್ಕ ಕೂತ್ಕಂಡು, ಇನ್ನೊಂಚೂರು, ಇನ್ನೊಂಚೂರು, ಸಾಕು ಅನ್ನೋಳು.”

ಮೂಟೆ ಇಳಿಸುವಾಗ ಅದರ ಮೂಲೆಯ ತೂತಿನಿಂದ ಒಂದು ಹಿಡಿ ರಾಗಿ ತಮಟೆಯ ಮೇಲೆ ಸುರಿಯಿತು.

ರಾಗಿ ಕುಣಿಯಿತು.

ಯಾರೂ ಮುಟ್ಟಿರಲಿಲ್ಲ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕಾಳುಗಳು ತೊಗಲಿನ ಮೇಲೆ ಪುಟಪುಟ ನೆಗೆಯುತ್ತಿದ್ದವು. ಬಿಸಿಲಿಗೆ ಅರ್ಧ ಬಿಗಿದುಕೊಂಡಿದ್ದ ತೊಗಲು ಮಿಲ್ಲಿನ ಶ್ರುತಿಗೇ ಬಂದು ಕೂತಿತ್ತು. ಮಿಲ್ಲು ಹಾಡಿದರೆ ಇದು ತಲೆದೂಗುತ್ತಿತ್ತು.

“ಏನಮ್ಮಿ ಇದು, ಪಿಶಾಚಿ ಹಿಡೀತಾ?” ಮಾವ ತಮಟೆಯನ್ನು ಎತ್ತಿ ಪಕ್ಕಕ್ಕೆ ಸರಿದ. ರಾಗಿ ಸುಮ್ಮನಾಯಿತು. ಸತ್ತ ಹಾಗೆ.

“ಮಾವ, ಅಲ್ಲೇ ನಿಂತ್ಕೊ. ಈಗ ಮಿಲ್ಲಿನ ಕಡೆ ಅರ್ಧ ಹೆಜ್ಜೆ ಇಡು.”

ಇಟ್ಟ. ರಾಗಿ ಕುಣಿಯಿತು.

“ಇನ್ನರ್ಧ.”

ರಾಗಿ ಮಲಗಿತು.

ಮಿತ್ರಾ ಒಳಗೆ ಓಡಿ ಅತ್ತೆಯ ಹೊಲಿಗೆ ಮಿಷನ್ನಿನ ಅಳತೆ ಟೇಪು ತಂದಳು. ರಾಗಿ ಮಲಗಿದಲ್ಲೆಲ್ಲ ಇದ್ದಿಲಿನಲ್ಲಿ ಗೀಟು ಎಳೆಯುತ್ತ ಹೋದಳು. ಮಾವ ತಮಟೆಯನ್ನು ಆರತಿ ತಟ್ಟೆಯ ಹಾಗೆ ಹಿಡಿದುಕೊಂಡು ಮುಂದೆ ಮುಂದೆ, ಇವಳು ಕುಕ್ಕರುಗಾಲಲ್ಲಿ ಹಿಂದೆ ಹಿಂದೆ. ಮಕ್ಕಳೆಲ್ಲ ಸುತ್ತ ಸೇರಿದರು. ಹನ್ನೆರಡು ಗೀಟು. ಒಂದರಿಂದ ಇನ್ನೊಂದಕ್ಕೆ ನೂರು ಸೆಂಟಿಮೀಟರು, ಒಂದೋ ಎರಡೋ ಆಚೀಚೆ.

ಅಲೆಯ ವೇಗ ಅಂದರೆ ಆವೃತ್ತಿಯನ್ನು ತರಂಗದೂರದಿಂದ ಗುಣಿಸಿದ್ದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಮುನ್ನೂರ ನಲವತ್ತು ಮೀಟರು. ಮಿಲ್ಲು ನೂರ ಎಪ್ಪತ್ತು. ಭಾಗಿಸಿದರೆ ಎರಡು ಮೀಟರು, ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ. ಬರುವ ಅಲೆ, ಬೇಲಿ ವಾಪಸು ತಳ್ಳಿದ ಅಲೆ ಎರಡೂ ಎದುರುಬದುರಾಗಿ ಸಿಕ್ಕಿಕೊಂಡರೆ ಅದರ ಅರ್ಧಕ್ಕೊಂದು ಸತ್ತ ಜಾಗ, ನಡುವೆ ಇಮ್ಮಡಿ ಜೋರಿನ ಜಾಗ. ಮೀಟರಿಗೊಂದು. ಅವ್ವ ಒಂದು ಹೆಜ್ಜೆ ಇಟ್ಟರೆ ಬಂತು, ಇನ್ನೊಂದಿಟ್ಟರೆ ಹೋಯ್ತು!

ಅವಳು ಬೀದಿಯಲ್ಲೇ ಕೂತುಬಿಟ್ಟಳು. ಟೀಚರ ಪ್ರಶ್ನೆಗೆ ಹನ್ನೊಂದು ವರ್ಷದ ಮೇಲೆ ಉತ್ತರ ಸಿಕ್ಕಿತ್ತು. ಶಕ್ತಿ ಎಲ್ಲೂ ಹೋಗಿಲ್ಲ. ಸದ್ದು ಸತ್ತಿಲ್ಲ. ಬೇಲಿ ಚಾಲೂ ಆದದ್ದೂ ಅವ್ವ ನಡುಬೀದಿಯಲ್ಲಿ ನಿಂತ ಆ ಸೋಮವಾರವೇ. ಆಚೆಯವರು ಬೇಡ ಅಂದದ್ದನ್ನು ಯಂತ್ರ ಮಡಚಿ ಈಚೆಯ ಬೀದಿಗೆ ಎಸೆದಿದೆ, ಕಸವನ್ನು ಎಸೆದ ಹಾಗೆಯೇ. ಅಲ್ಲಿನ ಮೌನದ ಕಸ ಇಲ್ಲಿ ಬಿದ್ದಿದೆ, ಅವ್ವ ಅದಕ್ಕೆ ಎಡವಿ ಬಿದ್ದಿದ್ದಾಳೆ. ಎಸೆಯುವುದಕ್ಕೆ ಚೀಟಿ ಬರೆದುಕೊಟ್ಟವಳು ತಾನೇ.

*

ಸೋಮವಾರ ಅನಿರುದ್ಧ ಅವಳ ಫೋನಿನಲ್ಲಿದ್ದ ರಾಗಿಯ ವಿಡಿಯೋವನ್ನು ಮೂರು ಸಲ ನೋಡಿದರು. ಮೂರನೇ ಸಲ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ಕ್ಲಾಸಿಕ್ ಸ್ಥಾಯಿ ಅಲೆ, ನಿಂತಲ್ಲೇ ನಿಲ್ಲೋ ಅಲೆ. ನಾನು ಒಳಗಿನ ಲೆಕ್ಕ ಮಾತ್ರ ಮಾಡಿದ್ದೆ ಸಂಘಮಿತ್ರಾ. ಈಚೆ ಏನಾಗುತ್ತೆ ಅಂತ… ನೋಡಲೇ ಇಲ್ಲ.”

“ಈಚೆ ನಾವು ಇರ್ತೀವಿ ಸರ್.”

ಅವರು ಫೋನನ್ನು ಅವಳಿಗೆ ವಾಪಸು ಕೊಟ್ಟರು. ಆಮೇಲೆ ಬೇಲಿ ಆಫ್ ಮಾಡುವುದು ತಮ್ಮ ಕೈಯಲ್ಲಿಲ್ಲವೆಂದೂ, ಅದು ಅಸೋಸಿಯೇಷನ್ನಿನ ನಿರ್ಧಾರವೆಂದೂ, ತಮ್ಮ ಹೆಂಡತಿ ಎರಡು ವರ್ಷದ ಮೇಲೆ ಮೊನ್ನೆ ಮೊದಲ ಸಲ ಬಾಲ್ಕನಿಗೆ ಬಂದು ಕೂತಳೆಂದೂ ಹೇಳಿದರು. ಹೇಳುವಾಗ ದನಿ ಒಡೆಯಿತು. ಮಿತ್ರಳಿಗೆ ಸಿಟ್ಟು ಮಾಡುವುದೂ ಕಷ್ಟವಾಯಿತು.

“ಮೇಡಂಗೆ ನೆಮ್ಮದಿ ಬೇಡ ಅಂತ ನಾನು ಅನ್ನಲ್ಲ ಸರ್. ಅದನ್ನ ಅವರ ಕೋಣೆಗೇ ಮಾಡಿ, ತಲೆದಿಂಬಿಗೇ ಮಾಡಿ. ನಮ್ಮ ಬೀದಿ ಮೇಲೆ ಯಾಕೆ?”

ಸಂಜೆ ಹೊರಡುವಾಗ ಅವರು ಒಂದು ಉದ್ದನೆ ಪೆಟ್ಟಿಗೆ ಕೊಟ್ಟರು. ಒಳಗೊಂದು ಬಿಳಿ ಕೋಲು. ಹೊಸ ನಮೂನೆಯದು. ಮುಂದೆ ಅಡ್ಡ ಬಂದದ್ದಕ್ಕೆಲ್ಲ ಅವಕೆಂಪು ಕಿರಣ ತಟ್ಟಿ ವಾಪಸು ಬಂದರೆ ಹಿಡಿ ನಡುಗಿ ಎಚ್ಚರಿಸುತ್ತದೆ. “ನಿಮ್ಮ ತಾಯಿಗೆ. ನನ್ನ ಕಡೆಯಿಂದ.”

ದೊಡ್ಡತಾಯಮ್ಮ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ತುದಿಯಿಂದ ತುದಿಗೆ ಸವರಿದಳು.

“ಅವಕೆಂಪು ಅಂದ್ರೆ?”

“ಕೆಂಪು ಬಣ್ಣದ ಕೆಳಗಿಂದು ಕಣವ್ವ. ಕಣ್ಣಿಗೆ ಕಾಣಲ್ಲ. ಒಲೆ ಮುಂದೆ ಕೂತಾಗ ಕೆನ್ನೆಗೆ ಬಿಸಿ ತಾಗ್ತದಲ್ಲ, ಅದು.”

“ಕೆಳಗಿಂದು, ಕಾಣಲ್ಲ, ಕೆಲಸ ಮಾತ್ರ ಮಾಡ್ತದೆ. ನಮ್ಮ ಪೈಕಿ ಅನ್ನು.” ತುಟಿಯ ಕೊನೆಯಲ್ಲಿ ಹಳೆಯ ನಗು ಒಂದು ಚಣ ಬಂದು ಹೋಯಿತು.

ಆಗ ಮಿತ್ರಾ ಎಲ್ಲವನ್ನೂ ಹೇಳಿದಳು. ಬೇಲಿ, ಎದುರು ಅಲೆ, ರಾಗಿ, ಇದ್ದಿಲ ಗೀಟು. ಕಡೆಗೆ, ಹದಿನೇಳನೇ ನಂಬರು ತಾನೇ ಬರೆದದ್ದೆಂಬುದನ್ನೂ. ಅವ್ವ ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದಳು. ಅವ್ವ ಕಿವಿಯಿಂದ ಎಣ್ಣೆಹತ್ತಿಯನ್ನು ಮೆಲ್ಲಗೆ ಕಿತ್ತು ತೆಗೆದಳು.

“ಹಂಗಾರೆ ನನ್ನ ಕಿವಿ ಹೋಗಿಲ್ವಾ?”

“ಇಲ್ಲ ಕಣವ್ವ.”

“ನಿಜವಾಗ್ಲೂ?” ಕೇಳುವಾಗಲೂ ಅವಳಿಗೆ ನಂಬಿಕೆ ಇರಲಿಲ್ಲ. ಮೂರು ವಾರ ತನ್ನ ಕಿವಿಯನ್ನು ತಾನೇ ಬೈದುಕೊಂಡವಳು. ಆಮೇಲೆ ಕೋಲನ್ನು ಗೋಡೆಯ ಮೂಲೆಗೆ ನೂಕಿದಳು. “ದಾರೀನೇ ಕಿತ್ಕಂಡು ಕೋಲು ಕೊಡ್ತಾರಾ? ವಾಪಸ್ ಕೊಡು ಅದ. ಆ ಮಿಲ್ಲು ನಿಮ್ಗೆ ಸದ್ದು ಕಣೆ. ನಂಗೆ ಅದು ದಾರಿ.”

ದಾರಿ.

ಮಿತ್ರಾ ತಟ್ಟನೆ ತಲೆ ಎತ್ತಿದಳು. ಪಟ್ಟಿಯ ‘ದನಿ’ ಸಾಲಿನಲ್ಲಿ ಆ ಟಿಕ್ ಟಿಕ್ ಪೆಟ್ಟಿಗೆಯ ಮುಂದೆ ಏನೆಂದು ಬರೆದಿತ್ತು? ‘ದಾರಿ ಸೂಚಕ: ಕಾನೂನಿನಂತೆ ಅಳಿಸತಕ್ಕದ್ದಲ್ಲ.’

*

ನಿಯಮವನ್ನು ಬಗೆದು ನೋಡಿದರೆ ಅದರಲ್ಲೇ ಬಾಗಿಲಿತ್ತು. ಕಣ್ಣಿಲ್ಲದ ಒಬ್ಬ ವ್ಯಕ್ತಿ ಒಂದು ಸದ್ದನ್ನು ನಂಬಿ ನಡೆಯುತ್ತಾರೆಂದು ಎಂಜಿನಿಯರ ಎದುರು ನಡೆದು ತೋರಿಸಿದರೆ ಆ ಸದ್ದು ದಾರಿ ಸೂಚಕ. ಅಸೋಸಿಯೇಷನ್ನು ಮುಟ್ಟುವ ಹಾಗಿಲ್ಲ. ಕೋಲು ಕೂಡದು, ಕೈ ಹಿಡಿಯಕೂಡದು, ಹತ್ತು ಹೆಜ್ಜೆಯೊಳಗೆ ಯಾರೂ ಇರಕೂಡದು, ಹತ್ತು ನಿಮಿಷದಲ್ಲಿ ಮುಟ್ಟಬೇಕು. ತಪ್ಪಿದರೆ ಇನ್ನು ಒಂದು ವರ್ಷ ಅರ್ಜಿ ಇಲ್ಲ. ಅನಿರುದ್ಧ ಅರ್ಜಿಯನ್ನು ಓದಿ, “ಇದು ನನಗೇ ಹೊಳೀಲಿಲ್ಲ ನೋಡಿ” ಅಂದರು. ಗುರುವಾರ ಬೆಳಗ್ಗೆ ಎಂಟೂವರೆ ಎಂದು ಬರೆದರು.

ಗುರುವಾರ ಇಬ್ಬನಿ ಸುರಿದು ಬೀದಿ ಒದ್ದೆಯಾಗಿತ್ತು. ಮಿತ್ರಾ ಮೊದಲು ಅವರಿಗೆ ರಾಗಿ ಕುಣಿಸಿ ತೋರಿಸಬೇಕೆಂದು ಮಾವನಿಂದ ತಮಟೆ ತರಿಸಿ ಮಿಲ್ಲಿನ ಬಾಗಿಲಲ್ಲೇ ಹಿಡಿಸಿದಳು. ರಾಗಿ ಮಿಸುಕಲೇ ಇಲ್ಲ.

“ಥಂಡಿಗೆ ತೊಗಲು ಜೋತ್ಕಂಡದೆ. ಹಸಿ ತಮಟೆ. ಇದು ಬೇರೆ ಶ್ರುತಿ, ಮಿಲ್ಲಿನ ಮಾತು ಕೇಳಲ್ಲ,” ಮಾವ ಮುಜುಗರದಿಂದ ತಮಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅನಿರುದ್ಧ ನಕ್ಕು, “ಇರಲಿ ಬಿಡಿ, ವಿಡಿಯೋ ನೋಡಿದೀನಲ್ಲ,” ಅಂದು ಕೈಯಲ್ಲಿದ್ದ ಟ್ಯಾಬಿನಲ್ಲಿ ಹದಿನೇಳನೇ ನಂಬರನ್ನು ಗದ್ದಲದ ಸಾಲಿನಿಂದ ಬಿಡಿಸಿದರು. ಮಿಲ್ಲಿನ ಸದ್ದು ಮೂರು ವಾರದ ಮೇಲೆ ಬೀದಿಯುದ್ದಕ್ಕೂ ಒಂದೇ ಸಮನೆ, ಗಂಟಿಲ್ಲದ ನೂಲಿನ ಹಾಗೆ ಹರಿಯಿತು.

ದೊಡ್ಡತಾಯಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಮಾವನನ್ನು ಮಿಲ್ಲಿನ ಬಾಗಿಲಲ್ಲೇ ಬಿಟ್ಟು ಈ ತುದಿಗೆ ಬಂದ ಮಿತ್ರಾ, ಅನಿರುದ್ಧ ಇಬ್ಬರೂ ಅವಳಿಂದ ಹತ್ತು ಹೆಜ್ಜೆ ಹಿಂದೆ. ಹೊಸಕೇರಿಯ ಜಗಲಿಗಳಲ್ಲೆಲ್ಲ ಜನ, ಉಸಿರು ಬಿಗಿ ಹಿಡಿದುಕೊಂಡು. ಅವಳು ಮೊದಲ ಹೆಜ್ಜೆ ಇಟ್ಟಳು. ಪಾದದ ಬೆರಳು ನೆಲವನ್ನು ತಡಕುತ್ತಿದ್ದವು. ಹಿಂದಿನ ದೊಡ್ಡತಾಯಮ್ಮ ಹಾಗೆ ನಡೆದವಳಲ್ಲ, ಕೋಣ ಹೊಡೆಯಲು ಹೊರಟವಳ ಹಾಗೆ ಸೆರಗು ಸಿಕ್ಕಿಸಿಕೊಂಡು ನಡೆಯುತ್ತಿದ್ದವಳು. ಈಗ ಪ್ರತಿ ಹೆಜ್ಜೆ ಇಟ್ಟಮೇಲೂ ಸದ್ದು ಎಲ್ಲಿ ಸಾಯುತ್ತದೋ ಎಂದು ನಿಂತು ಕೇಳುತ್ತಿದ್ದಳು. ಐದು ನಿಮಿಷವಾದರೂ ನೂರು ಹೆಜ್ಜೆ ದಾಟಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

ಮಿಲ್ಲು ಗೊರಗೊರ ಎಂದು ಉಸಿರು ಬಿಟ್ಟು ನಿಂತಿತು. ಬೇಲಿಯ ಕಂಬಗಳ ಹಸಿರು ದೀಪ ಮಾತ್ರ ಆರಲಿಲ್ಲ. ಅದಕ್ಕೆ ಬ್ಯಾಟರಿ ಇತ್ತು. ದೊಡ್ಡತಾಯಮ್ಮ ನಡುಬೀದಿಯಲ್ಲಿ ಎರಡೂ ಕೈ ಚಾಚಿ ನಿಂತಳು, ಆ ಸೋಮವಾರ ನಿಂತಿದ್ದ ಜಾಗದಲ್ಲೇ.

“ಮಿತ್ರಾ, ಮಿಲ್ಲು ನಿಂತೋಯ್ತಾ ಕೂಸೆ?”

“ಹೂಂ ಕಣವ್ವ. ಈಗ ನಿಜವಾಗ್ಲೂ ನಿಂತೋಯ್ತು.”

ಅವಳ ಮುಖ ಬಿಚ್ಚಿಕೊಂಡಿತು. “ನಿಂತೋಯ್ತಾ? ನಂಗೂ ಹಂಗೇ ಕೇಳ್ತು!” ಚಾಚಿದ್ದ ಕೈ ಕೆಳಗಿಳಿಸಿದಳು. ಕಿವಿ ಸುಳ್ಳು ಹೇಳಿರಲಿಲ್ಲ. ಆದರೆ ಮುಂದಿನ ಹೆಜ್ಜೆಗೆ ದಾರಿಯೂ ಇರಲಿಲ್ಲ.

ಅನಿರುದ್ಧ ಗಡಿಯಾರ ನೋಡಿದರು. “ನಾಲ್ಕು ನಿಮಿಷ ಇದೆ. ಕರೆಂಟು ಹೋಗಿದ್ದಕ್ಕೆ ವಿನಾಯಿತಿ ನಿಯಮದಲ್ಲಿಲ್ಲ. ಸಾರಿ.”

ಮಿತ್ರಾ ಫೋನು ತೆಗೆದು ಮಿಲ್ಲಿನ ಬಾಗಿಲಲ್ಲಿದ್ದ ಮಾವನಿಗೆ ಹಚ್ಚಿದಳು. ಪಿಸುಮಾತಿನಲ್ಲಿ, “ಮಾವ, ತಮಟೆ ಬಡಿ.”

“ತಡಿಯವ್ವ, ಹುಲ್ಲು ತಂದು ಬೆಂಕಿ ಮಾಡ್ತೀನಿ.”

“ಬ್ಯಾಡ! ಕಾಯಿಸಿದ್ರೆ ಅದು ಮೂವತ್ತೊಂದನೇ ನಂಬರು, ಬೇಲಿ ಮಡಚಿ ಎಸೀತದೆ. ಹಸೀದು ಅದಕ್ಕೆ ಗೊತ್ತಿಲ್ಲ. ಹಂಗೇ ಬಡಿ.”

“ಹಸಿ ತಮಟೆ ಬಡೀಲಾ? ನಾನಾ? ಕೇರಿ ಪೂರಾ ನೋಡ್ತಾ ನಿಂತದೆ ಕಣಮ್ಮಿ, ಮುಖಕ್ಕೆ ಉಗಿದಾರು! ನಿಮ್ಮಪ್ಪ ಗುಂಡಿಯಿಂದ ಎದ್ದು ಬಂದಾನು!”

“ಮಾವ, ಬಡಿಯೋ!”

ಆಮೇಲೆ ಬಂತು. ದೊಬ್. ದೊಬ್ ದೊಬ್. ಒದ್ದೆ ಗೋಣಿಚೀಲ ಒಗೆದ ಹಾಗೆ, ಹೊಟ್ಟೆ ಉಬ್ಬಿದ ಎಮ್ಮೆ ತೇಗಿದ ಹಾಗೆ. ನಲವತ್ತು ವರ್ಷದಲ್ಲಿ ಸಿದ್ದರಾಜು ಅಂಥ ಸದ್ದು ಹುಟ್ಟಿಸಿದವನಲ್ಲ. ಜಗಲಿಗಳಲ್ಲಿ ಹುಡುಗರು ಕಿಸಕ್ಕನೆ ನಕ್ಕರು. ಅವನು ತಲೆ ತಗ್ಗಿಸಿ ಬಡಿಯುತ್ತಲೇ ಹೋದ.

ದೊಡ್ಡತಾಯಮ್ಮನ ಕತ್ತು ಗಕ್ಕನೆ ಆ ಕಡೆ ತಿರುಗಿತು.

“ಯಾವನ್ಲಾ ಅಂವ, ಹಸಿ ತಮಟೆ ಬಡೀತಿರೋನು?”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹೆಜ್ಜೆ ಬಿದ್ದವು, ಒಂದರ ಹಿಂದೆ ಒಂದು, ನೆಲ ತಡಕದೆ. “ಲೇ ಸಿದ್ದರಾಜ! ನಿಂಗೇನ್ ಮಾನ ಮರ್ಯಾದಿ ಅದಾ ಇಲ್ವಾ?”

ಅನಿರುದ್ಧರ ಕೈಯಲ್ಲಿ ಟ್ಯಾಬು ನಡುಗಿತು. ಪರದೆಯ ಮೇಲೆ ಅಕ್ಷರ ಮೂಡಿದವು. ‘ಹೊಸ ಸದ್ದು ಪರಿಚಯವಾಯಿತು. ಗದ್ದಲವೋ? ದನಿಯೋ?’ ಕೆಳಗೆ ಅರವತ್ತರಿಂದ ಇಳಿಯುವ ಅಂಕಿ. ಯಾರೂ ಉತ್ತರ ಹೇಳದೆ ಸೊನ್ನೆಗೆ ಬಂದರೆ ಗದ್ದಲವೆಂದೇ ಲೆಕ್ಕ. ಕೇಳುವವರಿಲ್ಲದ ಹೆಸರುಗಳೆಲ್ಲ ಈ ನಾಡಿನಲ್ಲಿ ಹಾಗೆಯೇ ಅಲ್ಲವೇ ಅಳಿಸಿಹೋಗಿರುವುದು?

ನಲವತ್ತು. ಮೂವತ್ತೈದು. ದೊಡ್ಡತಾಯಮ್ಮ ಮಾವನ ಜಗಲಿ ದಾಟಿದಳು.

“ಒಂದ್ಸಲ ದನಿ ಅಂದ್ರೆ ಇದು ಯಾವಾಗ್ಲೂ ಒಳಗೆ ಬರುತ್ತೆ, ಗೊತ್ತಲ್ವಾ?” ಅನಿರುದ್ಧ ಕಂಬಗಳ ಕಡೆ ನೋಡಿದರು. “ಬೇಲಿ ಪಕ್ಕದ ಮೊದಲನೇ ಮನೆ ನಮ್ಮದೇ.”

“ಗೊತ್ತು ಸರ್.”

ಪಟ್ಟಿ ತುಂಬುವ ಕೈ ಎಷ್ಟು ಭಾರವೆಂದು ಮಿತ್ರಳಿಗೆ ಗೊತ್ತಿತ್ತು. ಹದಿನೈದು. ಹತ್ತು. ಅವರ ತುಟಿ ಅಲುಗುತ್ತಿತ್ತು, ಯಾರದೋ ಕ್ಷಮೆ ಕೇಳುವವರ ಹಾಗೆ. ಏಳು ಇರುವಾಗ ಹೆಬ್ಬೆರಳು ‘ದನಿ’ಯ ಮೇಲೆ ಇಳಿಯಿತು.

“ಮನೇಲಿ ಅವಳ ಕೋಣೆಗೇ ಏನಾದ್ರೂ ಮಾಡ್ತೀನಿ,” ತಮಗೆ ತಾವೇ ಹೇಳಿಕೊಂಡರು. “ಮೊದಲೇ ಮಾಡ್ಬೇಕಿತ್ತು.” ಆಮೇಲೆ ಅರ್ಜಿಯ ಹಾಳೆ ತೆಗೆದು ಪೆನ್ನು ಹಿಡಿದು ತಡವರಿಸಿದರು. “ಇಲ್ಲಿ ‘ಸದ್ದಿನ ಮೂಲ’ ಅಂತಿದೆ. ಮಿಲ್ಲು ಅಂತ ಬರೀಲೋ, ತಮಟೆ ಅಂತಲೋ?”

“ಎರಡಕ್ಕೂ ಜಾಗ ಇದೆ ಸರ್.”

ಮಿಲ್ಲಿನ ಬಾಗಿಲಲ್ಲಿ ದೊಡ್ಡತಾಯಮ್ಮ ತಮ್ಮನ ಕೈಯಿಂದ ತಮಟೆಯನ್ನು ಕಿತ್ತುಕೊಂಡಾಗಿತ್ತು. ಹತ್ತು ನಿಮಿಷಕ್ಕೆ ಇನ್ನೂ ಅರ್ಧ ನಿಮಿಷವಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ. ಅಂಗೈಯನ್ನು ತೊಗಲಿನ ಮೇಲೆ ಆಡಿಸಿ, “ನೀರು ಹೀರ್ಕಂಡು ಸಾಯ್ತಾ ಅದೆ ಮುಂಡೇದು. ಹುಲ್ಲು ತತ್ತಾ,” ಅಂದಳು.

ಸಿದ್ದರಾಜು ಹುಲ್ಲು ಹೊತ್ತಿಸಿದ. ಅವಳು ಬೆಂಕಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಮಟೆಯನ್ನು ಜಳಕ್ಕೆ ಹಿಡಿದು, ಬೆರಳಿನಿಂದ ಮೆಲ್ಲಗೆ ತಟ್ಟಿ ಕಿವಿ ಹತ್ತಿರ ತಂದಳು.

“ಆಯ್ತಾ ಅಕ್ಕ?”

“ತಡಿ. ಇನ್ನೊಂಚೂರು.”